ನಲವತ್ತೇಳನೇ ನಂಬರಿನ ಮೀನು

ಪೆಟ್ಟಿಗೆಯ ಬೀಗ ತೆಗೆದವರು ಸಿಲ್ವಿ ಹಕಲಾ. ಒಳಗೆ ಕೈ ಹಾಕಿದವನು ನಾನು.

“ಎಷ್ಟಿವೆ, ಎಲ್ವಿನ್?”

“ಹನ್ನೊಂದು.”

“ನಂಬರ್ ಓದ್ತಾ ಹೋಗು.”

ಓದಿದೆ. ಹನ್ನೆರಡು—ಅರವತ್ತು—ಮತ್ತೆ ಹನ್ನೆರಡು—ಐದು. ಏಳನೆಯ ಲಕೋಟೆಯ ಹತ್ತಿರ ನನ್ನ ಸ್ವರ ನಿಂತಿತು. ಬೆಳಗಿನ ಮಂಜು ದೋಣಿಕಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ. ಅದರೊಳಗೆಲ್ಲೋ ಒಂದು ಲೂನ್ ಹಕ್ಕಿ ಕೂಗಿತು. ನಗುವೋ ಅಳುವೋ ತಿಳಿಯದ ಕೂಗು ಅದು.

“ನಲವತ್ತೇಳಾ?” ಸಿಲ್ವಿ ಕೇಳಿದರು.

“ಹೌದು.”

“ತಾರೀಕು?”

“ಸೆಪ್ಟೆಂಬರ್ ಎಂಟು. ಮೊನ್ನೆ ಶನಿವಾರ. ವಾಲೈ ಮೀನು, ಹದಿನೆಂಟು ಇಂಚು. ಜಾಗ—ಪೂರ್ವದ ಕೊಲ್ಲಿ.”

ಸಿಲ್ವಿ ಲಕೋಟೆ ಮುಟ್ಟಲಿಲ್ಲ. ನೀರಿನ ಕಡೆ ನೋಡಿದರು.

ನಲವತ್ತೇಳು ಅಂದರೆ ಆರ್ವೊ ಕಿವೆಲಾ. ಹಿಂದಿನ ವರ್ಷ, ಎಂಬತ್ತಮೂರರ ಅಕ್ಟೋಬರ್ ಎಂಟರಂದು ಗಾಳ ಹಾಕಲು ಹೋದವನು ತಿರುಗಿ ಬರಲಿಲ್ಲ. ಖಾಲಿ ದೋಣಿ ಪೂರ್ವದ ಕೊಲ್ಲಿಯ ಜೊಂಡಿನಲ್ಲಿ ಸಿಕ್ಕಿತು. ಅಲ್ಲಿ ಐದು ದಿನ ಕೊಕ್ಕೆ ಇಳಿಬಿಟ್ಟು ಎಳೆದರು. ಏನೂ ಸಿಗಲಿಲ್ಲ. ಆಮೇಲೆ ಸರೋವರದ ಮೇಲೆ ಮಂಜುಗಡ್ಡೆ ಕಟ್ಟಿತು.

ಹೊಂಕಾ ಲೇಕ್ ಸ್ಟೇಟ್ ಪಾರ್ಕಿನಲ್ಲಿ ಗಾಳ ಹಾಕುವ ಹಳಬರಿಗೆ ಒಂದೊಂದು ನಂಬರು. ಮೀನು ಸಿಕ್ಕಿದರೆ ಅದರ ಮೈಯಿಂದ ನಾಲ್ಕು ಹುರುಪೆ ಕೆರೆದು ಪುಟ್ಟ ಲಕೋಟೆಗೆ ಹಾಕಿ, ಉದ್ದ, ತಾರೀಕು, ಜಾಗ ಬರೆದು ಕಟ್ಟೆಯ ಪೆಟ್ಟಿಗೆಗೆ ಹಾಕುತ್ತಾರೆ. ಆ ಹುರುಪೆ ಓದುವುದು ನನ್ನ ಕೆಲಸ. ಮರದ ಕಾಂಡದಂತೆ ಹುರುಪೆಗೂ ವರ್ಷಕ್ಕೊಂದು ಉಂಗುರ. ಸಿಲ್ವಿಯವರದು ಮೀನುಗಣತಿ. ದೋಣಿಗಳು ದಡ ಸೇರುವ ಹೊತ್ತಿಗೆ ಕಟ್ಟೆಯ ಮೇಲೆ ನಿಂತು—ಎಷ್ಟು ಗಂಟೆ ಕೂತಿದ್ರಿ? ಎಷ್ಟು ಸಿಕ್ತು? ಎಲ್ಲಿ ಸಿಕ್ತು? ಇಪ್ಪತ್ತಾರು ವರ್ಷದಿಂದ ಇದೇ ಮೂರು ಪ್ರಶ್ನೆ. ಕೇಳಿ ಕೇಳಿ ಅವರಿಗೆ ಸುಳ್ಳಿನಲ್ಲೂ ಜಾತಿಗಳು ಗೊತ್ತಾಗಿದ್ದವು.

ನಲವತ್ತೇಳರ ಮೊದಲ ಲಕೋಟೆ ಈ ವರ್ಷ ಮೇ ಹದಿನೈದಕ್ಕೆ ಬಂತು, ಮೀನು ಹಿಡಿಯುವ ಋತು ತೆರೆದ ದಿನ. ಇನ್ನೆರಡು ದಿನಕ್ಕೆ ಇಡೀ ಸರೋವರವನ್ನು ಕೊಕ್ಕೆಯಿಂದ ಜಾಲಾಡಲು ತಂಡ ಬರುವುದಿತ್ತು. ಆರ್ವೊನ ಹೆಂಡತಿ ಲೆಂಪಿ ಚಳಿಗಾಲವಿಡೀ ಕಚೇರಿ ಅಲೆದು ಗಿಟ್ಟಿಸಿದ್ದ ತಂಡ ಅದು. ಲಕೋಟೆ ನೋಡಿದ ಪೊಲೀಸ್ ಡೆಪ್ಯುಟಿ ಕೆಸ್ಲರ್ ನಕ್ಕುಬಿಟ್ಟ. “ನೀರಲ್ಲಿರೋನು ಲಕೋಟೆ ಹಾಕ್ತಾನೇನ್ರಿ? ಎಲ್ಲೋ ಓಡಿಹೋಗಿದಾನೆ. ಈಗ ಆಟ ಆಡ್ತಿದಾನೆ.” ತಂಡ ಬರಲಿಲ್ಲ. ಜೂನ್‌ನಲ್ಲಿ ಎರಡನೆಯದು ಬಂತು. ಜುಲೈನಲ್ಲಿ ಮೂರನೆಯದು. ಇದು ನಾಲ್ಕನೆಯದು.

“ನಡಿ,” ಸಿಲ್ವಿ ಪೆಟ್ಟಿಗೆ ಮುಚ್ಚಿದರು. “ಲೆಂಪಿ ಹತ್ರ ಹೋಗೋಣ. ಬೇರೆಯವರ ಬಾಯಲ್ಲಿ ಕೇಳೋದಕ್ಕಿಂತ ನಮ್ಮ ಬಾಯಲ್ಲೇ ಕೇಳಲಿ.”

*

ಲೆಂಪಿಯ ಅಡುಗೆಮನೆಯಲ್ಲಿ ಏಲಕ್ಕಿಯ ಪರಿಮಳ. ಜಡೆ ಹೆಣೆದ ಬ್ರೆಡ್ಡು ಆಗತಾನೇ ಒಲೆಯಿಂದ ಇಳಿದಿತ್ತು. ಮೇಜಿನ ಮೇಲೆ ಕಾಫಿಗೆ ನಾಲ್ಕು ಕಪ್ಪು. ನಾವು ಮೂವರು.

“ಇನ್ನೂ ಯಾರಾದ್ರೂ ಬರ್ತಾರಾ?” ಕೇಳಿದ ಮೇಲೆ ನನಗೆ ನಾಲಗೆ ಕಚ್ಚಿಕೊಳ್ಳಬೇಕೆನಿಸಿತು.

“ಅದು ನಮ್ಮವರದು,” ಲೆಂಪಿ ಅಂದರು. “ಮೊದಲನೇ ಲಕೋಟೆ ಬಂತಲ್ಲ, ಅವತ್ತಿಂದ ಇಡ್ತಿದೀನಿ. ಶನಿವಾರ ಸೌನಾದ ಹಬೆಮನೆ ಕಾಯಿಸ್ತೀನಿ. ನಾನು ಬೆವರಿ, ಮಿಂದು ಬಂದ್ಮೇಲೆ ಅವರ ಟವೆಲ್ ಬಾಗಿಲಿಗೆ ನೇತುಹಾಕಿ, ಕಲ್ಲು ಆರೋತನಕ ಹೊರಗೆ ಕೂತಿರ್ತೀನಿ. ಒಳಗೆ ಯಾರೋ ನೀರು ಹುಯ್ದ ಹಾಗೆ ಕೇಳತ್ತೆ. ಹೋಗಿ ನೋಡಲ್ಲ.”

“ಯಾಕೆ?”

“ಒಳಗೆ ಅವರು ಇಲ್ಲದಿದ್ರೆ?”

ಸಿಲ್ವಿ ನಾಲ್ಕನೆಯ ಲಕೋಟೆಯನ್ನು ಮೇಜಿನ ಮೇಲಿಟ್ಟರು. ಲೆಂಪಿ ಬೆರಳಿನಿಂದ ಅಕ್ಷರ ಸವರಿದರು.

“ಅಕ್ಷರ ಅವರದೇ.”

“ಎಲ್ಲಾನಾ?”

“ನಂಬರು, ಕೆರೆ ಹೆಸರು, ಜಾಗ. ಅಂಕಿ ಗೊತ್ತಿಲ್ಲ. ಅಂಕಿ ಎಲ್ಲರದೂ ಒಂದೇ ಥರ ಕಾಣತ್ತೆ.” ಲೆಂಪಿ ಡ್ರಾಯರ್ ಎಳೆದರು. ದಾರ ಕಟ್ಟಿದ ಲಕೋಟೆಗಳ ಕಟ್ಟು. “ಚಳಿಗಾಲದಲ್ಲಿ ಇಲ್ಲೇ ಕೂತು ಬರೆದಿಟ್ಕೋತಿದ್ರು. ಮೂರು ಕಟ್ಟು. ಇದೊಂದು, ಗಾಳದ ಪೆಟ್ಟಿಗೇಲಿ ಒಂದು, ಯಾಲ್ಮರ್ ಅಂಗಡೀಲಿ ಒಂದು. ನೀರಿನ ಮೇಲೆ ಬರೀ ಉದ್ದ, ತಾರೀಕು ತುಂಬೋದು.”

“ಜಾಗವೂ ಮೊದಲೇನಾ?” ನಾನು ಬೆರಗಾದೆ. “ಹಿಡಿಯೋ ಮುಂಚೇನೇ ಎಲ್ಲಿ ಹಿಡಿದೆ ಅಂತ?”

ಇಬ್ಬರೂ ಹೆಂಗಸರು ನನ್ನನ್ನು ಪಾಪ ಎನ್ನುವಂತೆ ನೋಡಿದರು.

“ಇಪ್ಪತ್ತೆರಡು ವರ್ಷದಿಂದ ಪೂರ್ವದ ಕೊಲ್ಲಿ ಅಂತಲೇ ಬರೆದಿದಾನೆ,” ಸಿಲ್ವಿ ಅಂದರು. “ಒಳ್ಳೆ ಜಾಗವನ್ನ ಸರ್ಕಾರಕ್ಕೆ ಬರೆದುಕೊಡೋ ಪೆದ್ದ ಇನ್ನೂ ಹುಟ್ಟಿಲ್ಲ ಕಣೋ.”

ಲೆಂಪಿಯ ತುಟಿಯಲ್ಲಿ ನಗು ಬಂದು ಹೋಯಿತು. ಆಮೇಲೆ ಅವರು ಸಿಲ್ವಿಯ ಮಣಿಕಟ್ಟು ಹಿಡಿದರು.

“ಚರ್ಚಲ್ಲಿ ಮೊದಲು ಹೆಂಗಸರು ಪಕ್ಕ ಬಂದು ಕೂರ್ತಿದ್ರು. ಈಗ ಹಿಂದಿನ ಬೆಂಚಿಗೆ ಹೋಗ್ತಾರೆ. ಗಂಡ ಸತ್ತೋಳಿಗೆ ಏನು ಹೇಳಬೇಕು ಗೊತ್ತು, ಗಂಡ ಬಿಟ್ಟೋಳಿಗೆ ಗೊತ್ತಿಲ್ಲ ನೋಡು. ಸಿಲ್ವಿ, ಸತ್ತಿದ್ರೆ ಅಳ್ತೀನಿ. ಓಡಿಹೋಗಿದ್ರೆ ಶಾಪ ಹಾಕ್ತೀನಿ. ಎರಡೂ ಮಾಡಕ್ಕಾಗದೆ ಹನ್ನೊಂದು ತಿಂಗಳಾಯ್ತು. ಯಾವುದಾದ್ರೂ ಒಂದು ಹೇಳು.”

ಹೊರಗೆ ಲೆಂಪಿಯ ಅಣ್ಣನ ಮಗ ಡೆನ್ನಿಸ್ ಸೌದೆ ಸೀಳುತ್ತಿದ್ದ. ಇಪ್ಪತ್ತೈದರ ಆಳು. ಊರಲ್ಲಿ ಕೀಟಲೆಗೆ ಹೆಸರಾದವನು. ಸಿಲ್ವಿ ನೇರ ಅವನೆದುರು ನಿಂತರು.

“ಮಾವನ ಗಾಳದ ಪೆಟ್ಟಿಗೆ ನಿನ್ನ ಹತ್ರ ಇದೆಯಂತೆ?”

“ದೋಣೀಲಿ ಸಿಕ್ಕಿದ್ದು. ಅತ್ತೆನೇ ಕೊಟ್ರು.”

“ಒಳಗಿದ್ದ ಲಕೋಟೆ?”

ಕೊಡಲಿ ನಿಂತಿತು. ಅವನ ಕಿವಿ ಕೆಂಪಾಯಿತು.

“ಒಲೆ ಹಚ್ಚಕ್ಕೆ ಹಾಕ್ದೆ. ಒದ್ದೆಯಾಗಿ ಅಂಟ್ಕೊಂಡಿದ್ವು.”

“ಎಲ್ಲಾನೂ?”

“ಲೆಕ್ಕ ಇಟ್ಟಿಲ್ಲ! ನಾನೇ ಹಾಕ್ತಿದೀನಿ ಅಂತಾನಾ? ಅತ್ತೆ ಆ ಟವೆಲ್ ನೇತುಹಾಕೋದನ್ನ ನಾನು ನೋಡಿದೀನಿ. ಅದನ್ನ ನೋಡಿದೋನು ಯಾವನೂ ಇನ್ನೊಂದು ಲಕೋಟೆ ಹಾಕಲ್ಲ!”

ಜೀಪಿನ ಕಡೆ ನಡೆಯುವಾಗ ಸಿಲ್ವಿ ಹಿತ್ತಿಲಿನ ಬಟ್ಟೆ ಒಗೆಯುವ ಜಾಗದಲ್ಲಿ ಒಂದು ಕ್ಷಣ ನಿಂತರು. ಸೋಪು, ಬ್ರಷ್ಷು, ಬಿಳಿಗಾರದ ಡಬ್ಬಿ.

*

ಯಾಲ್ಮರ್ ರೌತಿಯೊನ ಎರೆ ಅಂಗಡಿ ಪಾರ್ಕಿನ ಗೇಟಿನ ಎದುರೇ ಇತ್ತು. ಆರ್ವೊ ಮತ್ತು ಅವನು ಮೂವತ್ತು ವರ್ಷ ಒಂದೇ ದೋಣಿಯಲ್ಲಿ ಕೂತವರು. ಆರ್ವೊ ಕಾಣೆಯಾದ ದಿನ ಮಾತ್ರ ಯಾಲ್ಮರ್ ಬೆನ್ನು ಹಿಡಿದುಕೊಂಡು ಮನೆಯಲ್ಲಿ ಮಲಗಿದ್ದನಂತೆ.

ಬಾಗಿಲು ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಗಲ್ಲಾದ ಹಿಂದಿನ ಗೋಡೆಯ ಮೀನು. ತೊಗಲು ಬಿಡಿಸಿ, ಒಳಗೆ ತುಂಬಿಸಿ, ವಾರ್ನಿಷ್ ಹೊಡೆದು ಹಲಗೆಗೆ ಜಡಿದ ವಾಲೈ. ಬದುಕಿದ್ದಾಗ ವಾಲೈ ಮೀನಿನ ಕಣ್ಣಿಗೆ ಬೆಳಕು ಬಿದ್ದರೆ ಹಾಲಿನಂತೆ ಹೊಳೆಯುತ್ತದೆ. ಇದಕ್ಕೆ ಗಾಜಿನ ಕಣ್ಣು, ಆದರೂ ಹೊಳೆಯುತ್ತಿತ್ತು. ಅಂಗಡಿಯ ಯಾವ ಮೂಲೆಗೆ ಹೋದರೂ ಅದು ನಮ್ಮನ್ನೇ ನೋಡುತ್ತಿದೆ ಅನ್ನಿಸುತ್ತಿತ್ತು. ಕೆಳಗೆ ಹಿತ್ತಾಳೆ ಪಟ್ಟಿ: ‘ಮೂವತ್ತೊಂದು ಇಂಚು. ಹತ್ತು ಪೌಂಡು, ನಾಲ್ಕು ಔನ್ಸು.’

“ಒಂದು ಡಬ್ಬಿ ಎರೆಹುಳ ಕೊಡೋ,” ಸಿಲ್ವಿ ಅಂದರು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

“ನೀನು ಗಾಳ ಹಾಕಲ್ವಲ್ಲೇ?”

“ನೀನೂ ಹಾಕಲ್ವಲ್ಲೋ ಈಗ.”

ಯಾಲ್ಮರ್ ಬೆನ್ನು ಮುಟ್ಟಿಕೊಂಡ. “ಇದು ಬಿಡಬೇಕಲ್ಲ.”

“ನಾಲ್ಕನೇದು ಬಂತು, ಗೊತ್ತಾಯ್ತಾ?”

“ಹೇಳಿದ್ರು.” ಅವನು ಡಬ್ಬಿಯೊಳಗಿನ ಮಣ್ಣು ಕೆದಕತೊಡಗಿದ. “ಬದುಕಿದ್ರೆ ಒಳ್ಳೇದೇ ಅಲ್ವಾ?”

“ಯಾರಿಗೆ?”

ಅವನು ಡಬ್ಬಿಯ ಮುಚ್ಚಳ ಒತ್ತಿದ.

“ಆರ್ವೊ ಇಲ್ಲೊಂದು ಲಕೋಟೆ ಕಟ್ಟು ಇಟ್ಟಿದ್ನಂತೆ.”

“ಇಲ್ಲೇ ಇತ್ತು. ದಿನಕ್ಕೆ ನೂರು ಜನ ಬರ್ತಾರೆ, ಯಾರು ಎತ್ಕೊಂಡ್ರೋ.”

“ಭಾರಿ ಮೀನು ಕಣೋ ಅದು,” ಸಿಲ್ವಿ ಗೋಡೆ ನೋಡಿದರು. “ಯಾರು ಹಿಡಿದಿದ್ದು?”

“ಯಾರೋ ತುಂಬಿಸಕ್ಕೆ ಕೊಟ್ಟು ಹೋದ್ರು. ತಗೊಂಡು ಹೋಗಕ್ಕೆ ಬರ್ಲಿಲ್ಲ.”

ಸಿಲ್ವಿ ಹುಳದ ಡಬ್ಬಿ ತೆಗೆದುಕೊಂಡರು. ಹೊರಗೆ ಬಂದು ಅದನ್ನು ಹುಲ್ಲಿನ ಮೇಲೆ ಸುರಿದುಬಿಟ್ಟರು.

*

ಮಧ್ಯಾಹ್ನ ಪ್ರಯೋಗಾಲಯದ ಪರದೆ ಎಳೆದೆ. ಈ ಮೊದಲಿನ ಮೂರು ಲಕೋಟೆಗಳನ್ನು ಕೆಸ್ಲರ್ ತನ್ನ ಕಪಾಟಿನಲ್ಲಿ ಇಟ್ಟುಕೊಂಡಿದ್ದ. ನಾನು ಒಳಗಿನದನ್ನು ನೋಡಿಯೇ ಇರಲಿಲ್ಲ. ಅಂದು ಸಿಲ್ವಿ ಹೋಗಿ ಜಗಳವಾಡಿ ತಂದಿದ್ದರು. ಹುರುಪೆಗಳನ್ನು ಗಾಜಿನ ಪಟ್ಟಿಗಳ ನಡುವೆ ಇಟ್ಟು ದೀಪ ಹಚ್ಚಿದೆ. ಗೋಡೆಯ ಮೇಲೆ ತಟ್ಟೆಯಷ್ಟು ದೊಡ್ಡ ಹುರುಪೆ ಮೂಡಿತು. ಎಣಿಸತೊಡಗಿದೆ.

“ಏನಾಯ್ತು? ಯಾಕೆ ಸುಮ್ಮನಾದೆ?”

“ಹದಿನೆಂಟು ಇಂಚಿನ ಮೀನಿಗೆ ನಮ್ಮ ಕೆರೆಯಲ್ಲಿ ಐದು ವರ್ಷ ಇರಬೇಕು,” ಅಂದೆ. “ಇದಕ್ಕೆ ಹದಿನಾಲ್ಕು.”

“ತಪ್ಪು ಎಣಿಸಿದೀಯೇನೋ?”

“ಮೂರು ಸಲ ಎಣಿಸಿದೆ. ಇದು ಅಜ್ಜಿ ಮೀನು. ಮೂವತ್ತು ಇಂಚಿಗೆ ಕಡಿಮೆ ಇರಲ್ಲ.”

ಜುಲೈನದನ್ನು ಹಾಕಿದೆ. ಹದಿನಾಲ್ಕು. ಜೂನ್. ಹದಿನಾಲ್ಕು. ಮೇ. ಹದಿನಾಲ್ಕು. ಆಗ ಇನ್ನೊಂದು ಕಂಡಿತು. ಆರನೆಯ ವರ್ಷದ ಪಕ್ಕದಲ್ಲಿ ಒಂದು ಮುರುಕು ಉಂಗುರ, ಅರ್ಧಕ್ಕೆ ಹರಿದು ಮತ್ತೆ ಕೂಡಿಕೊಂಡದ್ದು. ಆ ಬೇಸಿಗೆಯಲ್ಲಿ ಮೀನಿಗೆ ಏನೋ ಪೆಟ್ಟಾಗಿರಬೇಕು. ನಾಲ್ಕೂ ಹುರುಪೆಗಳಲ್ಲಿ ಅದೇ ವರ್ಷ, ಅದೇ ಗಾಯ.

ಗಾಜಿನ ಪಟ್ಟಿಗಳನ್ನು ಸಾಲಾಗಿ ಜೋಡಿಸಿದೆ.

“ಸಿಲ್ವಿ, ಇವು ನಾಲ್ಕು ಮೀನಲ್ಲ. ಒಂದೇ ಮೀನು.”

“ಒಂದೇ ಮೀನು ನಾಲ್ಕು ತಿಂಗಳಲ್ಲಿ ನಾಲ್ಕು ಸಲ ಸಿಕ್ತಾ? ಬಿಟ್ಟು ಬಿಟ್ಟು ಹಿಡಿದರೆ?”

“ಹಾಗಿದ್ರೆ ಜುಲೈ ಹೊತ್ತಿಗೆ ಹೊಸ ಉಂಗುರ ಬಂದಿರಬೇಕು. ಸೆಪ್ಟೆಂಬರಿಗೆ ಇನ್ನೂ ಬೆಳೆದಿರಬೇಕು. ಇವು ನಾಲ್ಕರ ಅಂಚೂ ಒಂದೇ ಥರ ನಿಂತಿವೆ. ಶರತ್ಕಾಲದ ಅಂಚು. ಈ ಮೀನು ಹೋದ ವರ್ಷದ ಅಕ್ಟೋಬರ್ ಆಸುಪಾಸಲ್ಲಿ ಬೆಳೆಯೋದು ನಿಲ್ಲಿಸಿದೆ.”

“ಸತ್ತಿದೆ ಅನ್ನು.”

“ಸತ್ತಿದೆ.”

ಗೋಡೆಯ ಮೇಲಿನ ಆ ದೊಡ್ಡ ಉಂಗುರಗಳನ್ನು ಇಬ್ಬರೂ ನೋಡುತ್ತ ಕೂತೆವು. ನೀರಿನಲ್ಲಿ ಕಲ್ಲು ಬಿದ್ದ ಮೇಲೆ ಏಳುವ ಅಲೆಗಳ ಹಾಗಿದ್ದವು.

ಇನ್ನೂ ಒಂದಿತ್ತು. ತಾಜಾ ಮೀನಿನಿಂದ ಕೆರೆದ ಹುರುಪೆಗೆ ಲೋಳೆ ಒಣಗಿ ಲಕೋಟೆಗೆ ಅಂಟಿಕೊಂಡಿರುತ್ತದೆ. ಇವು ಕಳಚಿ ಬಿದ್ದವು. ಜೊತೆಗೆ ಬಿಳಿಯ ಹರಳು ಪುಡಿ. ಉಪ್ಪೇ? ಮದ್ಯಸಾರದಲ್ಲಿ ಕಲಸಿ, ಒಂದು ಹನಿ ಆಮ್ಲ ಸೇರಿಸಿ ಕಡ್ಡಿ ಗೀರಿದೆ. ಕತ್ತಲು ಕೋಣೆಯಲ್ಲಿ ಉರಿ ಹಸಿರಾಗಿ ಎದ್ದಿತು.

“ಬಿಳಿಗಾರ,” ಅಂದೆ. ಹೇಳುವಾಗಲೇ ಲೆಂಪಿಯ ಹಿತ್ತಿಲಿನ ಡಬ್ಬಿ ನೆನಪಾಯಿತು.

ಸಂಜೆ ಕೆಸ್ಲರ್‌ಗೆ ಫೋನ್ ಮಾಡಿದ್ದು ನನ್ನ ತಪ್ಪು. ಅವನು ಎಲ್ಲ ಕೇಳಿ ದೊಡ್ಡದಾಗಿ ಉಸಿರುಬಿಟ್ಟ.

“ಅಲ್ಲಿಗೆ ಮುಗೀತಲ್ಲಪ್ಪ. ಲಕೋಟೆ ಅವಳ ಡ್ರಾಯರಲ್ಲಿದೆ, ಬಿಳಿಗಾರ ಅವಳ ಹಿತ್ತಲಲ್ಲಿದೆ. ಪಾಪ, ದುಃಖಕ್ಕೆ ತಾನೇ ಮಾಡ್ತಿದಾಳೆ. ನಾಳೆ ಮಧ್ಯಾಹ್ನ ಡಾಕ್ಟ್ರನ್ನ ಕರ್ಕೊಂಡು ಹೋಗ್ತೀನಿ. ಆಸ್ಪತ್ರೇಲಿ ಸ್ವಲ್ಪ ದಿನ ಇದ್ರೆ ಸರಿಹೋಗತ್ತೆ.”

*

ಮರುದಿನ ಬೆಳಿಗ್ಗೆ ಸಿಲ್ವಿ ತಮ್ಮ ಗಣತಿ ಪುಸ್ತಕ ಹಿಡಿದು ಬಂದರು. ಕಣ್ಣು ಊದಿಕೊಂಡಿತ್ತು.

“ಲೆಂಪಿನೇ ಇರಬಹುದಾ?” ನಾನು ಕೇಳಿದೆ.

“ಲೆಂಪಿ ಡ್ರಾಯರಿನ ಕಟ್ಟು ನೋಡಿದೆಯಲ್ಲ, ದಾರ ಹೇಗಿತ್ತು?”

“ಗಂಟು ಹಾಕಿತ್ತು.”

“ಗಂಟಿನ ಮೇಲೆ ಧೂಳಿತ್ತು. ಅವಳು ಬಿಚ್ಚೇ ಇಲ್ಲ. ಇನ್ನು ಡೆನ್ನಿಸ್. ಅವನ ಪೆಟ್ಟಿಗೇಲಿದ್ದವು ಮಳೇಲಿ ನೆನೆದವು. ನಮಗೆ ಬಂದ ನಾಲ್ಕೂ ಗರಿಗರಿಯಾಗಿವೆ. ಈಗ ಇದು ಓದು.”

ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಅವರು ನೀರಿನ ಮೇಲೆ ಕಳೆದ ಗಂಟೆಗಳು. ಸಿಲ್ವಿಯ ಬೆರಳು ಯಾಲ್ಮರ್ ರೌತಿಯೊ ಎಂಬ ಸಾಲಿನಲ್ಲಿ ನಿಂತಿತು. ಹಿಂದಿನ ವರ್ಷ ಸೆಪ್ಟೆಂಬರಿನವರೆಗೆ ಇನ್ನೂರ ಹನ್ನೊಂದು ಗಂಟೆ. ಈ ವರ್ಷ ಸೊನ್ನೆ.

“ಬೆನ್ನುನೋವು ಅಂದ್ರಲ್ಲ?”

“ಬೆನ್ನುನೋವಿರೋನು ಜೂನ್‌ನಲ್ಲಿ ಅಂಗಡಿ ಛಾವಣಿ ತಾನೇ ಹತ್ತಿ ರಿಪೇರಿ ಮಾಡಿದ. ನಡಿ, ಕೆಸ್ಲರ್‌ಗೂ ಅಲ್ಲಿಗೇ ಬರಕ್ಕೆ ಹೇಳಿದೀನಿ.”

*

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕೆಸ್ಲರ್ ಬಾಗಿಲಿಗೆ ಒರಗಿ ನಿಂತ.

“ಯಾಲ್ಮರ್,” ಸಿಲ್ವಿ ಮೆಲ್ಲಗೆ ಅಂದರು, “ಆ ಮೀನನ್ನ ಗೋಡೆಯಿಂದ ಇಳಿಸ್ತೀಯಾ, ನಾವೇ ಇಳಿಸಬೇಕಾ?”

“ಯಾಕೆ?”

“ಅದರ ಬೆನ್ನು ನೋಡಬೇಕು.”

ಅವನು ಅಲುಗಲಿಲ್ಲ. ನಾನೇ ಸ್ಟೂಲು ಹತ್ತಿ ಹಲಗೆ ಇಳಿಸಿ, ಮೀನನ್ನು ಅದರಿಂದ ಬಿಡಿಸಿದೆ. ನೋಡುವವರಿಗೆ ಕಾಣುವ ಮೈಗೆ ಬಣ್ಣ, ವಾರ್ನಿಷ್, ಮಿರುಗು. ಹಲಗೆಗೆ ಆತುಕೊಂಡಿದ್ದ ಮೈಗೆ ಏನೂ ಹಚ್ಚಿರಲಿಲ್ಲ. ಬಿಳಿಗಾರದ ಪುಡಿ ಮೆತ್ತಿದ ಒಣ ತೊಗಲು. ಬಾಲದ ಹತ್ತಿರ ಎರಡು ಬೆರಳಗಲದಷ್ಟು ಜಾಗದಲ್ಲಿ ಹುರುಪೆ ಇರಲಿಲ್ಲ. ಒಂದೊಂದಾಗಿ ಕಿತ್ತಿದ್ದರು.

“ಇದರಲ್ಲೇನಿದೆ?” ಕೆಸ್ಲರ್ ಮುಂದೆ ಬಂದ. “ಅಂಗಡಿಗೆ ಬಂದೋರು ಯಾರಾದ್ರೂ ಕಿತ್ತಿರಬಹುದು.”

“ಗೋಡೆಗೆ ಜಡಿದ ಮೀನಿನ ಬೆನ್ನಿಂದನಾ? ಸ್ವಲ್ಪ ತಡಿ, ಹೇಳ್ತೀನಿ.” ಸಿಲ್ವಿ ಎರೆಡಬ್ಬಿಗಳ ಪಕ್ಕದ ಬೆಂಚಿನಲ್ಲಿ ಕೂತರು. “ನಾಲ್ಕು ಲಕೋಟೇಲೂ ಒಂದೇ ಮೀನು. ಅದು ಸತ್ತಿದ್ದು ಹೋದ ಅಕ್ಟೋಬರಲ್ಲಿ. ಒಂದು ವರ್ಷ ಅದರ ತೊಗಲು ಕೊಳೀಲಿಲ್ಲ ಅಂದ್ರೆ ಯಾರೋ ಬಿಳಿಗಾರ ಹಾಕಿ ಒಣಗಿಸಿಟ್ಟಿದಾರೆ. ಬಟ್ಟೆ ಒಗೆಯೋರಲ್ಲ, ಮೀನು ತುಂಬಿಸೋರು. ಇಲ್ಲೀತನಕ ಎಲ್ವಿನ್ ಕಂಡುಹಿಡಿದಿದ್ದು. ನಾನು ಕಂಡಿದ್ದು ಇನ್ನೊಂದು. ನಾವೆಲ್ಲ ಹತ್ತು ತಿಂಗಳಿಂದ ನೋಡ್ತಿದ್ರೂ ಕಾಣದೇ ಇದ್ದಿದ್ದು. ಕೆಸ್ಲರ್, ಆ ಪಟ್ಟಿ ಓದು.”

“ಮೂವತ್ತೊಂದು ಇಂಚು. ಹತ್ತು ಪೌಂಡು, ನಾಲ್ಕು ಔನ್ಸು.”

“ಇನ್ನೇನಿದೆ?”

“ಇನ್ನೇನೂ ಇಲ್ಲ.”

“ಹಿಡಿದವನ ಹೆಸರೆಲ್ಲಿ?”

ಕೆಸ್ಲರ್ ಹಲಗೆಯನ್ನು ತಿರುಗಿಸಿ ನೋಡಿದ.

“ಇಪ್ಪತ್ತಾರು ವರ್ಷದಲ್ಲಿ ನಾನು ಆರಿಂಚಿನ ಮೀನಿಗೂ ಹೆಸರು ಹಾಕ್ಕೊಳ್ಳೋರನ್ನ ನೋಡಿದೀನಿ,” ಸಿಲ್ವಿ ಅಂದರು. “ಹತ್ತು ಪೌಂಡಿನ ವಾಲೈ ಹಿಡಿದೋನು ಅದನ್ನ ಬಿಟ್ಟು ಹೋಗಲ್ಲ, ಅದರ ಕಥೆ ಹೇಳದೆ ಸಾಯಲ್ಲ. ಈ ಮೀನಿಗೆ ಮಾತ್ರ ಕಥೇನೇ ಇಲ್ಲ. ಯಾಕಂದ್ರೆ ಹಿಡಿದೋನು ಹೇಳಕ್ಕೆ ಬರ್ಲಿಲ್ಲ. ತುಂಬಿಸಿದೋನಿಗೆ ತನ್ನ ಹೆಸರು ಹಾಕಕ್ಕೂ ಆಗ್ಲಿಲ್ಲ, ಅವನ ಹೆಸರು ಹಾಕಕ್ಕೂ ಆಗ್ಲಿಲ್ಲ. ಅಲ್ವೇನೋ ಯಾಲ್ಮರ್? ಆರ್ವೊನ ಜೊತೆ ಅವತ್ತು ದೋಣೀಲಿ ಇದ್ದಿದ್ದು ನೀನು.”

ಯಾಲ್ಮರ್‌ನ ಬೆರಳು ಮೀನಿನ ಕಡೆ ತಿರುಗಿತು. “ಅದನ್ನ ಕವಚಿ ಇಡ್ರೋ,” ಅಂದ. “ಕಣ್ಣು ಈ ಕಡೆ ಬೇಡ.”

ನಾನು ಮೀನನ್ನು ಕವಚಿ ಇಟ್ಟೆ.

“ಉತ್ತರದ ಬಂಡೆಸಾಲು,” ಅವನು ಹೇಳತೊಡಗಿದ. “ನಾವಿಬ್ಬರೇ ಬಲ್ಲ ಜಾಗ. ಅಲ್ಲಿ ಒಬ್ಬ ಹುಟ್ಟು ಹಿಡೀಲೇಬೇಕು, ಇಲ್ಲಾಂದ್ರೆ ಗಾಳಿ ದೋಣಿ ನಿಲ್ಲಿಸಲ್ಲ. ಅವನ ಗಾಳಕ್ಕೆ ಇದು ಬಿತ್ತು. ಇಪ್ಪತ್ತು ನಿಮಿಷ ಆಡಿಸಿದ. ಮೇಲೆ ಬಂದಾಗ ಕಣ್ಣು ಬಿಳುಪಾಗಿ ಹೊಳೀತು. ಮೂವತ್ತು ವರ್ಷದಲ್ಲಿ ದೋಣೀಲಿ ಎದ್ದು ನಿಂತೋನಲ್ಲ ಆರ್ವೊ. ಅವತ್ತು ನಿಂತ. ನಾನು ಹುಟ್ಟು ಬಿಟ್ಟು ಕೈಬಲೆ ಹಿಡಿದೆ. ಮೀನು ಬಲೆ ಒಳಗೆ ಬಂತು. ದೋಣಿ ವಾಲಿತು. ಅವನು ಆಚೆಗೆ ಹೋದ.”

“ಆಮೇಲೆ?”

“ಮೇಲೆ ಬಂದ. ಕೈ ಚಾಚಿದ. ಒಂದು ಮೊಳ ದೂರ. ನನ್ನ ಎರಡೂ ಕೈಲಿ ಬಲೆ.” ಅವನು ತನ್ನ ಕೈಗಳನ್ನು ನೋಡಿಕೊಂಡ. “ಬಿಡ್ಲಿಲ್ಲ. ಮೊದಲು ಮೀನು ಒಳಗೆ ಹಾಕಿಬಿಡ್ತೀನಿ, ಆಮೇಲೆ ಅವನನ್ನ ಎಳ್ಕೊಳ್ತೀನಿ ಅಂತ ಅನ್ನಿಸ್ತು. ಒಂದೇ ಕ್ಷಣ ಸಿಲ್ವಿ! ಮೀನು ಒಳಗೆ ಹಾಕಿ ತಿರುಗಿದೆ. ನೀರು ಸಮ ಆಗಿತ್ತು. ಅವನ ಬೂಟು ಭಾರ, ನೀರು ಮಂಜುಗಡ್ಡೆ ಥರ. ಕತ್ತಲಾಗೋವರೆಗೂ ಹುಟ್ಟಿನಿಂದ ತಡಕಿದೆ.”

“ಹೇಳಬಹುದಿತ್ತಲ್ಲೋ.”

“ಏನಂತ? ಮೀನು ಉಳಿಸಿಕೊಂಡೆ, ಆರ್ವೊನ ಬಿಟ್ಟೆ ಅಂತನಾ? ಲೆಂಪಿ ಮುಖ ನೋಡಿ?”

ದಡದಲ್ಲಿ ಇಳಿದು ಅವನು ಖಾಲಿ ದೋಣಿಯನ್ನು ಗಾಳಿಗೆ ತಳ್ಳಿದ. ಅದು ತಾನಾಗಿ ಪೂರ್ವದ ಕೊಲ್ಲಿಗೆ ತೇಲಿತು. ಆರ್ವೊನ ಲಕೋಟೆಗಳೂ ಇಪ್ಪತ್ತೆರಡು ವರ್ಷದಿಂದ ಅದನ್ನೇ ಹೇಳುತ್ತಿದ್ದವು. ನಾವೆಲ್ಲ ಆ ಸುಳ್ಳನ್ನು ನಂಬಿ ಐದು ದಿನ ಅಲ್ಲೇ ಕೊಕ್ಕೆ ಎಳೆದೆವು. ಪೂರ್ವದ ಕೊಲ್ಲಿಯಲ್ಲಿ ಒಳ್ಳೆಯ ಮೀನೇ ಇಲ್ಲವೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದೂ ನಂಬಿದೆವು.

“ಇಡೀ ಕೆರೆ ಜಾಲಾಡಿದ್ರೆ ಬಂಡೆಸಾಲಲ್ಲಿ ಸಿಕ್ತಿದ್ದ,” ಸಿಲ್ವಿ ಅಂದರು. “ಅಲ್ಲಿ ಸಿಕ್ಕಿದ್ರೆ ಹುಟ್ಟು ಹಿಡಿದೋನು ಯಾರು ಅಂತ ಕೇಳ್ತಿದ್ವಿ. ಅದಕ್ಕೇ ಲಕೋಟೆ.”

ಅವನು ತಲೆಯಾಡಿಸಿದ.

“ಒಂದು ಮಾತ್ರ ನಂಗೆ ಅರ್ಥ ಆಗಿಲ್ಲ,” ನಾನು ಕೇಳಿದೆ. “ಪಾರ್ಕಿನಲ್ಲಿ ಮೀನು ಕೊಯ್ಯೋ ಶೆಡ್ಡಿದೆ. ಹುರುಪೆ ಬಕೆಟ್‌ಗಟ್ಟಲೆ ಬಿದ್ದಿರತ್ತೆ. ಅದನ್ನ ಹಾಕಿದ್ರೆ ನನಗೆ ಜನ್ಮದಲ್ಲಿ ಗೊತ್ತಾಗ್ತಿರಲಿಲ್ಲ. ಇದನ್ನೇ ಯಾಕೆ ಕಿತ್ರಿ?”

ಯಾಲ್ಮರ್ ಮೊದಲ ಸಲ ನನ್ನನ್ನು ನೇರವಾಗಿ ನೋಡಿದ. ನಾನು ಏನೋ ಹೇಸಿಗೆಯ ಮಾತಾಡಿದೆನೇನೋ ಎಂಬಂತೆ ನೋಡಿದ.

“ಬೇರೆಯವರ ಮೀನನ್ನ ಅವನ ನಂಬರಿಗೆ ಹೇಗಯ್ಯಾ ಹಾಕಲಿ?”

ಜಾಗದ ಬಗ್ಗೆ ಎಷ್ಟು ಬೇಕಾದರೂ ಸುಳ್ಳು ಹೇಳುವ ಈ ಜನ, ಮೀನು ಯಾರದು ಎಂಬುದರ ಬಗ್ಗೆ ಸುಳ್ಳು ಹೇಳಲಾರರು. ಆ ಒಂದು ಪ್ರಾಮಾಣಿಕತೆಯೇ ಅವನನ್ನು ಹಿಡಿದುಕೊಟ್ಟಿತ್ತು.

ಕೆಸ್ಲರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ನಡೀರಿ ಯಾಲ್ಮರ್,” ಅಂದ. ಮಧ್ಯಾಹ್ನ ಲೆಂಪಿಯ ಮನೆಗೆ ಡಾಕ್ಟರು ಹೋಗಲಿಲ್ಲ.

*

ಮೂರನೆಯ ದಿನ ಉತ್ತರದ ಬಂಡೆಸಾಲಿನ ಬುಡದಲ್ಲಿ, ನಲವತ್ತು ಅಡಿ ಆಳದಲ್ಲಿ ಕೊಕ್ಕೆ ಸಿಕ್ಕಿಕೊಂಡಿತು. ತಣ್ಣನೆಯ ನೀರು ಆರ್ವೊನನ್ನು ಜೋಪಾನವಾಗಿಟ್ಟಿತ್ತು. ಸ್ವೆಟರಿನ ಮೊಣಕೈಗೆ ಲೆಂಪಿ ಹಾಕಿದ್ದ ನೀಲಿ ತೇಪೆ ಹಾಗೇ ಇತ್ತು.

ಮಣ್ಣು ಮಾಡುವ ಹಿಂದಿನ ದಿನ ನಾವಿಬ್ಬರೂ ಲೆಂಪಿಯ ಮನೆಗೆ ಹೋದೆವು. ಅವರು ಇನ್ನೂ ಅತ್ತಿರಲಿಲ್ಲ ಎಂದು ಡೆನ್ನಿಸ್ ಬಾಗಿಲಲ್ಲೇ ಪಿಸುಗುಟ್ಟಿ ಸೌದೆಯ ಕಡೆ ಹೋದ. ಮೇಜಿನ ಮೇಲೆ ನಾಲ್ಕು ಕಪ್ಪು.

ಸಿಲ್ವಿ ಡ್ರಾಯರಿನ ಕಟ್ಟಿನಿಂದ ಒಂದು ಲಕೋಟೆ ಕೇಳಿ ತೆಗೆದುಕೊಂಡರು. ಅದರೊಳಗೆ ನಾನು ನಾಲ್ಕು ಹುರುಪೆ ಹಾಕಿದೆ. ಸಿಲ್ವಿ ಪೆನ್ಸಿಲ್ಲಿನಿಂದ ತುಂಬಿದರು: ಅಕ್ಟೋಬರ್ ಎಂಟು, ಎಂಬತ್ತಮೂರು. ಮೂವತ್ತೊಂದು ಇಂಚು. ‘ಪೂರ್ವದ ಕೊಲ್ಲಿ’ ಎಂದು ಆರ್ವೊ ಬರೆದಿದ್ದರ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ‘ಉತ್ತರದ ಬಂಡೆಸಾಲು’ ಎಂದು ಬರೆದರು.

“ಪಾರ್ಕಿನ ದಾಖಲೆಯಲ್ಲಿ ಇದಕ್ಕಿಂತ ದೊಡ್ಡ ವಾಲೈ ಇಲ್ಲ,” ನಾನು ಹೇಳಿದೆ. “ಆರ್ವೊ ಅವರ ನಂಬರಿಗೇ ಬರ್ಕೊಳ್ತೀನಿ.”

ಲೆಂಪಿ ಲಕೋಟೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು. ಹುಬ್ಬು ಗಂಟಾಯಿತು.

“ಅಯ್ಯೋ ಸಿಲ್ವಿ, ಜಾಗ ಬರೆದುಬಿಟ್ಯಾ? ಅವರಿಗೆ ಗೊತ್ತಾದ್ರೆ ಎಷ್ಟು ಸಿಟ್ಟಾಗ್ತಾರೆ—”

ಮಾತು ಅಲ್ಲೇ ನಿಂತಿತು. ಲೆಂಪಿ ನಾಲ್ಕನೆಯ ಕಪ್ಪನ್ನು ತಮ್ಮ ಕಡೆಗೆ ಎಳೆದುಕೊಂಡು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು. ಆಮೇಲೆ, ಹನ್ನೊಂದು ತಿಂಗಳ ನಂತರ, ಅಳಲು ಶುರುಮಾಡಿದರು.